ನಮ್ಮ ಮನೆಯ ಪ್ರಾರ್ಥನೆ, ನಮ್ಮ ಸೀಮೆಯ ಸಭೆ

— ಅಂತಿಮ ಬಿ.ಎ. ವಿದ್ಯಾರ್ಥಿ, ಮೆಟ್ರಿ

ಕಳೆದ ವರ್ಷದ ಮಾತು. ಬಿಡುವಿನ ವೇಳೆಯಲ್ಲಿ ಕಾಲೇಜಿನ ಬೇವಿನ ಮರದಡಿ ಕುಳಿತು ಬುತ್ತಿ ಬಿಚ್ಚುತ್ತಿದ್ದಾಗ ಸಹಪಾಠಿಯೊಬ್ಬನು ನನ್ನನ್ನು ಕೇಳಿದನು: “ಅಲ್ಲಪ್ಪಾ, ನಿಮ್ಮ ದೇವರಿಗೆ ಇಂಗ್ಲಿಷಿನಲ್ಲಿ ಬೇಡಿಕೊಂಡರೆ ತಾನೇ ತಿಳಿಯೋದು? ನಿನಗೋ ಇಂಗ್ಲಿಷಿನಲ್ಲಿ ೩೫ ದಾಟೋದೇ ಕಷ್ಟ. ಹ್ಯಾಂಗ್ ಮಾಡ್ತೀ?” ಎಲ್ಲರೂ ನಕ್ಕರು, ನಾನೂ ನಕ್ಕೆನು. ಅವನಿಗೆ ನನ್ನ ಮೇಲೆ ದ್ವೇಷವೇನೂ ಇರಲಿಲ್ಲ. ಅಂದಿನ ನನ್ನ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಅವನ ಪಾಲಿಗೇ ಹೋಯಿತು. ಆದರೆ ಆ ಪ್ರಶ್ನೆ ಮಾತ್ರ ನನ್ನೊಡನೆ ಬಸ್ಸು ಹತ್ತಿ ಮೆಟ್ರಿಯ ತನಕ ಬಂದಿತು. ಎರಡು ವರ್ಷ ಒಂದೇ ಬೆಂಚಿನಲ್ಲಿ ಕುಳಿತ ಗೆಳೆಯನಿಗೆ ಸಂಜೆಯ ಹೊತ್ತು ನಮ್ಮ ಮನೆಯಲ್ಲಿ ಏನು ನಡೆಯುತ್ತದೆಂಬುದು ತಿಳಿಯದಿದ್ದರೆ ತಪ್ಪು ಅವನೊಬ್ಬನದೇ ಅಲ್ಲ, ನಾನೂ ಹೇಳಿರಲಿಲ್ಲ. ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಕನ್ನಡ ವಿಭಾಗದ ಗುರುಗಳು ಸೂಚಿಸಿದಾಗ, ಹಂಪೆಯ ಮೇಲೆ ಬರೆಯುವವರು ಪ್ರತಿ ವರ್ಷವೂ ಹತ್ತು ಮಂದಿ ಇರುವುದರಿಂದ, ನಾನು ಈ ವಿಷಯವನ್ನು ಆರಿಸಿಕೊಂಡೆನು. ನಾನು ಚರಿತ್ರಕಾರನಲ್ಲ, ಉಪದೇಶಕನೂ ಅಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಕೇಳಿದ್ದನ್ನೂ ಓದಿದ್ದನ್ನೂ ಕಂಡದ್ದನ್ನೂ ಕೂಡಿಸಿ ಹೇಳುತ್ತೇನೆ.

ಮೊದಲು ಗೆಳೆಯನ ಪ್ರಶ್ನೆಗೆ ಉತ್ತರ. ನಮ್ಮ ಸೀಮೆಯಲ್ಲಿ ಕ್ರೈಸ್ತ ಸಭೆಯ ಚರಿತ್ರೆ ಕನ್ನಡ ಕಲಿಯುವುದರಿಂದಲೇ ಆರಂಭವಾಗುತ್ತದೆ. ನಿಜಾಮನ ಕೈಯಲ್ಲಿದ್ದ ಬಳ್ಳಾರಿ ಸೀಮೆ ೧೮೦೦ರಲ್ಲಿ ಕಂಪನಿ ಸರಕಾರಕ್ಕೆ ಸೇರಿತು. ಹತ್ತು ವರ್ಷಗಳ ತರುವಾಯ, ೧೮೧೦ರಲ್ಲಿ, ಲಂಡನ್ ಮಿಶನರಿ ಸೊಸೈಟಿಗೆ ಸೇರಿದ ಜಾನ್ ಹ್ಯಾಂಡ್ಸ್ ಎಂಬವರು ಬಳ್ಳಾರಿಗೆ ಬಂದರು. ಆಗ ಕನ್ನಡ ಕಲಿಯುವ ಪರದೇಶಿಗೆ ಅಚ್ಚಾದ ವ್ಯಾಕರಣವಾಗಲಿ ನಿಘಂಟಾಗಲಿ ಇರಲಿಲ್ಲ. ಊರಿನ ಪಂಡಿತರನ್ನು ಎದುರಿಗೆ ಕೂರಿಸಿಕೊಂಡು, ಕೇಳಿ ಕೇಳಿ ಬರೆದುಕೊಂಡು ಕಲಿಯಬೇಕಾಗಿತ್ತು. ಕಲಿತವರ ಹೆಸರು ಪುಸ್ತಕಗಳಲ್ಲಿ ನಿಂತಿತು. ಕಲಿಸಿದವರ ಹೆಸರು ಅಷ್ಟು ಸುಲಭವಾಗಿ ನಿಲ್ಲಲಿಲ್ಲ. ಹ್ಯಾಂಡ್ಸರಿಗೆ ಜೊತೆಯಾಗಿ ಬಂದ ವಿಲಿಯಂ ರೀವ್ ಎಂಬವರು ೧೮೨೪ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ ೧೮೩೨ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದರು. ಕಿಟೆಲರ ಹೆಸರನ್ನು ನಾವೆಲ್ಲರೂ ಬಲ್ಲೆವು. ಅವರ ನಿಘಂಟು ೧೮೯೪ರದು. ಅದಕ್ಕೆ ೬೦ ವರ್ಷಗಳಿಗೂ ಮೊದಲು, ನಮ್ಮೂರಿನಿಂದ ಒಂದು ಹೊತ್ತಿನ ಬಸ್ಸಿನ ದಾರಿಯಲ್ಲಿರುವ ಬಳ್ಳಾರಿಯವರು ಇಷ್ಟು ಕೆಲಸ ಮಾಡಿದ್ದರೆಂಬುದನ್ನು ನಾನು ಬಿ.ಎ. ಎರಡನೆಯ ವರ್ಷದಲ್ಲಿ ಗ್ರಂಥಾಲಯದ ಪುಸ್ತಕವೊಂದರಲ್ಲಿ ಓದುವ ತನಕ ಅರಿಯೆನು.

೧೮೩೧ರ ವೇಳೆಗೆ ಸಂಪೂರ್ಣ ಬೈಬಲ್ ಕನ್ನಡಕ್ಕೆ ಬಂದಿತು. ಅದಕ್ಕಾಗಿ ಬಳ್ಳಾರಿಯಲ್ಲಿ ಅಚ್ಚುಕೂಟ ನಡೆಯುತ್ತಿತ್ತು. ಈ ಅಚ್ಚುಕೂಟದಿಂದ ಕ್ರೈಸ್ತರಲ್ಲದವರಿಗೂ ಒಂದು ಉಪಕಾರವಾಯಿತು. ಹರ್ಮನ್ ಮೋಗ್ಲಿಂಗರು ೧೮೪೩ರ ಜುಲೈ ೧ರಂದು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದರಷ್ಟೆ. ಅದು ಕಲ್ಲಚ್ಚಿನ ಪತ್ರಿಕೆ. ಮರುವರ್ಷ, ೧೮೪೪ರಲ್ಲಿ, ಅದು ಬಳ್ಳಾರಿಗೆ ಬಂದು ಮೊಳೆಯಚ್ಚಿನಲ್ಲಿ ‘ಕನ್ನಡ ಸಮಾಚಾರ’ವೆಂಬ ಹೆಸರಿನಿಂದ ಹೊರಟಿತು. ಜುಲೈ ೧ರಂದು ಪತ್ರಿಕಾ ದಿನವೆಂದು ಭಾಷಣ ಮಾಡುವವರು ಮಂಗಳೂರಿನಲ್ಲಿಯೇ ನಿಂತುಬಿಡುತ್ತಾರೆ. ಬಳ್ಳಾರಿಯ ತನಕ ಬರುವುದಿಲ್ಲ. ಇದು ನನ್ನ ಸಣ್ಣ ತಕರಾರು, ಇರಲಿ.

ಭಾಷಾಂತರ ಮಾಡುವವನು ಶಬ್ದಗಳನ್ನು ಎಲ್ಲಿಂದ ತರಬೇಕು? ನೆಲದಲ್ಲಿ ಇದ್ದದ್ದನ್ನೇ ತರಬೇಕು. ನಾವು ಇಂದು ಓದುವ ಸತ್ಯವೇದದಲ್ಲಿ ಸಭೆಗೆ ಸೇರುವ ಸಂಸ್ಕಾರಕ್ಕೆ ‘ದೀಕ್ಷಾಸ್ನಾನ’ವೆಂಬ ಮಾತಿದೆ. ದೀಕ್ಷೆಯೆಂಬುದು ವೀರಶೈವ ಮಠಗಳಲ್ಲಿಯೂ ಜೈನ ಬಸದಿಗಳಲ್ಲಿಯೂ ಶತಮಾನಗಳಿಂದ ರೂಢಿಯಲ್ಲಿದ್ದ ಪದ. ‘ಕೃಪೆ’, ‘ಭಕ್ತ’, ‘ಆತ್ಮ’, ‘ರಕ್ಷಣೆ’ ಇವೂ ಹಾಗೆಯೇ. ಕಿಟೆಲರು ೧೮೬೨ರಲ್ಲಿ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ಯೆಂಬ ಕೃತಿಯಾಗಿ ರಚಿಸಿದಾಗ ನಮ್ಮ ಕಾವ್ಯದ ಛಂದಸ್ಸನ್ನೇ ಹಿಡಿದರು. ಇದರಿಂದ, ನಮ್ಮ ಅಜ್ಜಿ ಮೊಣಕಾಲೂರಿ ಆಡುವ ಪ್ರಾರ್ಥನೆಯ ಮಾತುಗಳಲ್ಲಿ ಅರ್ಧದಷ್ಟನ್ನು ಪಕ್ಕದ ಮನೆಯ ಅಜ್ಜಿಯೂ ಹುಲಿಗೆಮ್ಮನ ಮುಂದೆ ನಿಂತು ಆಡುತ್ತಾಳೆ. ಇಬ್ಬರಿಗೂ ಇಂಗ್ಲಿಷ್ ಬಾರದು.

ನನ್ನ ಕನ್ನಡ ಹಳೆಯ ಕಾಲದ ಕನ್ನಡವೆಂದು ಗೆಳೆಯರು ನಗುವುದುಂಟು. ಅದಕ್ಕೆ ಕಾರಣವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ಅಜ್ಜಿಗೆ ಓದು ಬಾರದು. ತಂದೆ ಐದನೆಯ ಇಯತ್ತೆ, ತಾಯಿ ಅದೂ ಇಲ್ಲ. ನಾನು ಮೂರನೆಯ ತರಗತಿಯಲ್ಲಿ ಅಕ್ಷರ ಕೂಡಿಸಿ ಓದಲು ಕಲಿತೊಡನೆಯೇ ಸಂಜೆಯ ಪ್ರಾರ್ಥನೆಯಲ್ಲಿ ಸತ್ಯವೇದವನ್ನು ಓದುವ ಕೆಲಸ ನನಗೆ ಬಿದ್ದಿತು. ದಿನಕ್ಕೊಂದು ಅಧ್ಯಾಯ. ಓದುವಾಗ ನಾನು ಒಂದು ಪಂಕ್ತಿ ಹಾರಿಸಿದರೆ, ಓದಲಾರದ ಅಜ್ಜಿ ‘ಅಲ್ಲೊಂದು ಮಾತು ಬಿಟ್ಟಿ’ ಎಂದು ಹಿಡಿಯುತ್ತಿದ್ದಳು. ಕೇಳಿ ಕೇಳಿ ಆಕೆಗೆ ಬಾಯಿಪಾಠವಾಗಿತ್ತು. ‘ಆತನು ಅಂದನು’, ‘ಅವರು ಹೊರಟುಹೋದರು’ ಎಂಬ ಈ ಗದ್ಯ ಹನ್ನೆರಡು ವರ್ಷ ನನ್ನ ಬಾಯಲ್ಲಿ ಉರುಳಿ ಉರುಳಿ ಕೈಗೂ ಇಳಿದಿದೆ. ಕಾಲೇಜಿನ ಕನ್ನಡ ಪತ್ರಿಕೆಯಲ್ಲಿ ನನಗೆ ಬರುವ ಅಂಕಗಳಿಗೆ ನಾನು ಬಳ್ಳಾರಿಯ ಆ ಅಚ್ಚುಕೂಟಕ್ಕೂ ನಮ್ಮ ಅಜ್ಜಿಗೂ ಋಣಿ.

ಇನ್ನು ನಮ್ಮ ಮನೆತನ ಈ ದಾರಿಗೆ ಹೇಗೆ ಬಂದಿತೆಂಬುದು. ಮನೆಯ ಹಿರಿಯರು ಹೇಳುವ ಪ್ರಕಾರ ಅದು ‘ದಾತು ವರ್ಷದ ಬರ’ದ ಕಾಲ. ೧೮೭೬ರಿಂದ ೧೮೭೮ರ ತನಕ ದಕ್ಷಿಣ ಭಾರತವನ್ನು ಸುಟ್ಟ ಆ ಬರಗಾಲದಲ್ಲಿ ಬಳ್ಳಾರಿ ಜಿಲ್ಲೆಯ ಪಾಡು ಬಹಳ ಕೆಟ್ಟದ್ದಾಗಿತ್ತು. ೧೮೭೧ರ ಜನಗಣತಿಗೂ ೧೮೮೧ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಇಲ್ಲವಾಗಿತ್ತು. ಆಗ ಗಂಜಿ ಕೊಟ್ಟವರ ಹಿಂದೆ ಹೋದರೆಂದು ಕೆಲವರು ಇಂದಿಗೂ ಹೀಯಾಳಿಸುತ್ತಾರೆ. ಹೋದದ್ದು ನಿಜವೇ ಇರಬಹುದು. ಊರ ಬಾವಿಯ ಹಗ್ಗವನ್ನು ಮುಟ್ಟಲು ಬಿಡದಿದ್ದ ಕಾಲದಲ್ಲಿ ಗಂಜಿಯ ಜೊತೆಗೆ ಒಂದು ಚಾಪೆಯ ಮೇಲೆ ಸಾಲಿನಲ್ಲಿ ಕುಳಿತುಕೊಳ್ಳುವ ಸ್ಥಳವೂ ಸಿಕ್ಕಿತೆಂಬುದನ್ನು ಹೀಯಾಳಿಸುವವರು ಸೇರಿಸಿ ಹೇಳಬೇಕು. ಗಂಜಿಗಾಗಿ ಹೋದವರು ಬರ ತೀರಿದ ಮೇಲೆ ಮರಳಿ ಬರಬಹುದಿತ್ತು. ಐದು ತಲೆಮಾರು ಉಳಿದದ್ದಕ್ಕೆ ಗಂಜಿಯೊಂದೇ ಕಾರಣವಾಗಲಾರದು.

ಸಭೆಗಳ ಪಂಗಡಗಳ ವಿಷಯ ದೊಡ್ಡದು, ಬೇಗ ಮುಗಿಸುತ್ತೇನೆ. ಸ್ವಾತಂತ್ರ್ಯ ಬಂದ ಮರು ತಿಂಗಳು, ೧೯೪೭ರ ಸೆಪ್ಟೆಂಬರ್ ೨೭ರಂದು, ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ಲಂಡನ್ ಮಿಶನ್ನಿನವರೂ ಸೇರಿದ್ದ ದಕ್ಷಿಣ ಭಾರತ ಐಕ್ಯ ಸಭೆಗಳು ಒಂದಾಗಿ ‘ದಕ್ಷಿಣ ಭಾರತ ಸಭೆ’ ಆಯಿತು. ದೇಶ ಎರಡಾದ ವರ್ಷವೇ ಈ ಸಭೆಗಳು ಒಂದಾದವು. ನಾವು ಇದಕ್ಕೆ ಸೇರಿದವರು. ರೋಮನ್ ಕಥೋಲಿಕರಿಗೆ ಬಳ್ಳಾರಿಯಲ್ಲಿ ೧೯೪೯ರಿಂದ ಧರ್ಮಾಧ್ಯಕ್ಷರ ಪೀಠವಿದೆ. ಅವರ ಪೂಜೆ ಶತಮಾನಗಳ ಕಾಲ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ೧೯೬೩ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಜನರ ನುಡಿಗೆ ಬಾಗಿಲು ತೆರೆದ ಮೇಲೆ ಕನ್ನಡದಲ್ಲಿ ನಡೆಯತೊಡಗಿತು. ಇಡೀ ಕರ್ನಾಟಕದಲ್ಲಿ ಕ್ರೈಸ್ತರು ೨೦೧೧ರ ಜನಗಣತಿಯ ಪ್ರಕಾರ ೧೧ ಲಕ್ಷ ೪೨ ಸಾವಿರ, ಅಂದರೆ ನೂರಕ್ಕೆ ಎರಡರಷ್ಟೂ ಇಲ್ಲ. ಅದರಲ್ಲಿಯೂ ಬಹುಪಾಲು ಕರಾವಳಿಯಲ್ಲಿ ಮತ್ತು ಬೆಂಗಳೂರಿನಲ್ಲಿ. ಕಂಪ್ಲಿ, ಸಂಡೂರು, ಹೊಸಪೇಟೆಗಳ ಹಳ್ಳಿಗಳಲ್ಲಿ ನಮ್ಮ ಮನೆಗಳು ಬೆರಳೆಣಿಕೆಯಷ್ಟೆ.

ಮನೆಗಳು ಬೆರಳೆಣಿಕೆಯಷ್ಟಿದ್ದರೆ ಸಭೆ ಹೇಗೆ ನಡೆಯುತ್ತದೆ? ಸಭಾಪಾಲಕರಿಗೆ ಹಲವಾರು ಹಳ್ಳಿಗಳ ಹೊಣೆ. ನಮ್ಮಲ್ಲಿಗೆ ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಉಳಿದ ದಿನಗಳಲ್ಲಿ ಮನೆಯೇ ದೇವಾಲಯ, ಅಜ್ಜಿಯೇ ಅಯ್ಯನವರು. ದೀಪ ಹಚ್ಚಿದ ಮೇಲೆ, ಒಲೆಯ ಮೇಲೆ ಅನ್ನ ಬೇಯುತ್ತಿರುವಾಗಲೇ ಚಾಪೆ ಹಾಸುತ್ತೇವೆ. ಒಂದು ಕೀರ್ತನೆ, ಒಂದು ಅಧ್ಯಾಯ, ಆಮೇಲೆ ಅಜ್ಜಿಯ ಪ್ರಾರ್ಥನೆ. ಅದರಲ್ಲಿ ಕಾಲುವೆಯ ನೀರು, ಎಮ್ಮೆಯ ಕಾಲುನೋವು, ನನ್ನ ಪರೀಕ್ಷೆ, ದೆಹಲಿಯಲ್ಲಿ ಆಳುವವರಿಗೆ ಬುದ್ಧಿ, ಪಕ್ಕದ ಮನೆಯ ಬಾಣಂತಿ ಎಲ್ಲವೂ ಬರುತ್ತವೆ. ಪ್ರಾರ್ಥನೆ ಉದ್ದವಾದರೆ ಅನ್ನ ಸೀಯುತ್ತದೆ. ತಾಯಿ ಕಣ್ಣು ಮುಚ್ಚಿಕೊಂಡೇ ಕೆಮ್ಮುತ್ತಾಳೆ. ಅಜ್ಜಿ ‘ಆಮೆನ್’ ಹೇಳುತ್ತಾಳೆ. ನಮ್ಮ ಕಡೆಯ ಸಭೆ ಎರಡು ಶತಮಾನ ಉಳಿದಿದ್ದರೆ ಅದು ಹೆಚ್ಚಾಗಿ ಇಂಥ ಮನೆಗಳ ಬಲದಿಂದಲೇ ಎಂಬುದು ನನ್ನ ಅಭಿಪ್ರಾಯ. ಕಲ್ಲಿನ ದೇವಾಲಯಗಳು ದಂಡಿನ ಊರುಗಳಲ್ಲಿ ಎದ್ದವು. ಹಳ್ಳಿಯ ಸಭೆಗೆ ಗೋಡೆ ಇರಲಿಲ್ಲ.

ಭಾನುವಾರದ ಆರಾಧನೆಗೆ ಹೊಸಪೇಟೆಗೆ ಹೋಗಬೇಕು. ಕಂಪ್ಲಿಗೆ ಬಂದು ಬಸ್ಸು ಬದಲಿಸಿ ಹೋಗುವುದು. ಭತ್ತದ ನಾಟಿ ಭಾನುವಾರವೆಂದು ನಿಲ್ಲುವುದಿಲ್ಲ. ಕಾಲುವೆಯ ಸರದಿ ಬಂದ ದಿನ ಗದ್ದೆಗೆ ಇಳಿಯದಿದ್ದರೆ ಕೂಲಿಯೂ ಇಲ್ಲ, ಮುಂದಿನ ಕರೆಯೂ ಇಲ್ಲ. ನಮ್ಮ ತಾಯಿ ವರ್ಷದ ಎಷ್ಟೋ ಭಾನುವಾರಗಳನ್ನು ಮೊಣಕಾಲು ನೀರಿನಲ್ಲಿಯೇ ಕಳೆದಿದ್ದಾಳೆ. ನನ್ನ ಕಾಲೇಜಿನ ಶುಲ್ಕ ಆ ನೀರಿನಿಂದಲೇ ಬಂದದ್ದು. ೨೦೨೩ರ ಜೂನ್ ೧೧ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟು ಇಲ್ಲವಾದ ಮೇಲೆ ಒಂದು ವಿಚಿತ್ರ ನಡೆಯಿತು. ಮೊದಲು ಮನೆಯಿಂದ ಒಬ್ಬರೇ, ಅದೂ ತಂದೆ, ಎಲ್ಲರ ಕಾಣಿಕೆಯನ್ನೂ ಹಿಡಿದು ಆರಾಧನೆಗೆ ಹೋಗುತ್ತಿದ್ದರು. ಈಗ ಅಜ್ಜಿ, ತಾಯಿ, ತಂಗಿ ಹೋಗುತ್ತಾರೆ. ತಂದೆ ಎಮ್ಮೆ ಕಾಯುತ್ತಾರೆ. ಹೆಂಗಸರ ಸಾಲು ತುಂಬಿ, ಗಂಡಸರ ಸಾಲಿನಲ್ಲಿ ಬೆಂಚು ಕಾಣುತ್ತದೆ. ದೇವಶಾಸ್ತ್ರಜ್ಞರು ಇದನ್ನು ಬರೆದಿದ್ದಾರೋ ಇಲ್ಲವೋ, ನಮ್ಮ ಸಭೆಯ ಚರಿತ್ರೆಯಲ್ಲಿ ಸಾರಿಗೆ ಇಲಾಖೆಗೂ ಒಂದು ಪುಟ ಸಲ್ಲಬೇಕು. ಹೆಂಗಸರು ಬೆಂಚಿನಿಂದ ವೇದಿಕೆಗೂ ಹೋಗಿದ್ದಾರೆ: ೨೦೧೩ರಲ್ಲಿ ಪುಷ್ಪಲಲಿತಾ ಎಂಬವರು ನೆರೆಯ ಆಂಧ್ರದ ನಂದ್ಯಾಲದಲ್ಲಿ ದಕ್ಷಿಣ ಭಾರತ ಸಭೆಯ ಮೊದಲ ಮಹಿಳಾ ಬಿಷಪ್ ಆದರು. ಈ ಸುದ್ದಿಯನ್ನು ಹೇಳಿದಾಗ ನಮ್ಮ ಅಜ್ಜಿ, ತಾನು ಐವತ್ತು ವರ್ಷದಿಂದ ಮಾಡುತ್ತಿದ್ದ ಕೆಲಸಕ್ಕೆ ಈಗ ಅಂಗಿ ಕೊಟ್ಟರೇನು ಎಂದು ಕೇಳಿದಳು.

ಸಭೆಯ ವರ್ಷದಲ್ಲಿ ಕ್ರಿಸ್ಮಸ್ ಎಲ್ಲರಿಗೂ ತಿಳಿದದ್ದು. ನನಗೆ ಅದಕ್ಕಿಂತ ಪ್ರಿಯವಾದದ್ದು ಸುಗ್ಗಿಯ ಹಬ್ಬ. ಅಂದು ಪ್ರತಿಯೊಬ್ಬರೂ ತಮ್ಮ ಬೆಳೆಯ ಮೊದಲ ಪಾಲನ್ನು ತಂದು ದೇವಾಲಯದ ಮುಂಭಾಗದಲ್ಲಿ ಇಡುತ್ತಾರೆ: ಭತ್ತ, ಜೋಳ, ಮೆಣಸಿನಕಾಯಿ, ಬಾಳೆಗೊನೆ, ಕೋಳಿ, ಮೊಟ್ಟೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಕೊಂಡವನು ವಸ್ತುವನ್ನು ಮನೆಗೆ ಒಯ್ಯಬಹುದು, ಇಲ್ಲವೆ ಮತ್ತೆ ಸಭೆಗೇ ಕೊಟ್ಟು ಇನ್ನೊಮ್ಮೆ ಕೂಗಿಸಬಹುದು. ಒಂದು ವರ್ಷ ನಮ್ಮ ಪಾಲಿನ ಭತ್ತ ಮಳೆಗೆ ಮಲಗಿತು. ಬರಿಗೈಯಲ್ಲಿ ಹೋಗಬಾರದೆಂದು ಅಜ್ಜಿ ಹಿತ್ತಲ ಬಳ್ಳಿಯಿಂದ ಒಂದು ಸೋರೆಕಾಯಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ನಾನು ಆಗ ಪ್ರೌಢಶಾಲೆಯ ಹುಡುಗ. ಬಾಳೆಗೊನೆಗಳ ನಡುವೆ ಆ ಡೊಂಕು ಕಾಯಿಯನ್ನು ಕಂಡು ನಾಚಿಕೆಯಿಂದ ಹಿಂದಿನ ಸಾಲಿಗೆ ಸರಿದೆನು. ಕೂಗುವವರು ಅದನ್ನು ಎತ್ತಿ ಹಿಡಿದು ಹತ್ತು ರೂಪಾಯಿಯಿಂದ ಆರಂಭಿಸಿದರು. ಮೊದಲು ಕೊಂಡವರು ಮರಳಿ ಕೊಟ್ಟರು, ಎರಡನೆಯವರೂ ಕೊಟ್ಟರು. ಕನ್ನಡದಲ್ಲಿ ಆರಂಭವಾದ ಸವಾಲು ತೆಲುಗಿಗೆ ತಿರುಗಿ ಹಿಂದಿಗೆ ಮುಟ್ಟಿತು. ಕಡೆಗೆ ತೋರಣಗಲ್ಲಿನ ಕಾರ್ಖಾನೆಗೆ ಕೆಲಸಕ್ಕೆ ಬಂದಿದ್ದ ಝಾರ್ಖಂಡದ ಕುಟುಂಬವೊಂದು ೩೪೦ ರೂಪಾಯಿಗೆ ಅದನ್ನು ಕೊಂಡಿತು. ಆ ಕುಟುಂಬದ ಹೆಂಗಸು ಬಂದು ಇದನ್ನು ನೀವು ಹೇಗೆ ಬೇಯಿಸುತ್ತೀರೆಂದು ಅಜ್ಜಿಯನ್ನು ಹಿಂದಿಯಲ್ಲಿ ಕೇಳಿದಳು, ಅಜ್ಜಿ ಕನ್ನಡದಲ್ಲಿ ಹೇಳಿದಳು, ಇಬ್ಬರೂ ತಲೆಯಾಡಿಸಿದರು. ಬೇಳೆ ಹಾಕಬೇಕೆಂಬುದು ಆಕೆಗೆ ತಿಳಿಯಿತೋ ಇಲ್ಲವೋ ನಾನರಿಯೆ.

ಮದುವೆಯ ವಿಷಯವನ್ನೂ ಗೆಳೆಯರು ಕೇಳುತ್ತಾರೆ. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ದೇವಾಲಯದಲ್ಲಿ ಪ್ರಕಟನೆ ಓದುತ್ತಾರೆ. ಇಂಥವರಿಗೂ ಇಂಥವರಿಗೂ ವಿವಾಹ, ಆಕ್ಷೇಪಣೆ ಇದ್ದವರು ತಿಳಿಸಬೇಕೆಂದು. ಮದುವೆಯ ಹಿಂದಿನ ರಾತ್ರಿ ಅರಿಸಿನ, ಸೋಬಾನೆ ಎಲ್ಲವೂ ಊರಿನ ರೀತಿಯಲ್ಲಿಯೇ. ಮರುದಿನ ಬಿಳಿಯ ಸೀರೆ, ಉಂಗುರ, ಅದರ ಜೊತೆಗೆ ಮಾಂಗಲ್ಯವೂ ಉಂಟು. ಕಾಯಿದೆ ಮಾತ್ರ ಬೇರೆ. ೧೮೭೨ರ ಕ್ರೈಸ್ತ ವಿವಾಹ ಕಾಯಿದೆಯ ಪ್ರಕಾರ ದಾಖಲೆಯಾಗುತ್ತದೆ. ವಿಚ್ಛೇದನದ ೧೮೬೯ರ ಕಾಯಿದೆಯಲ್ಲಿ ಗಂಡನು ಹೆಂಡತಿಯ ವ್ಯಭಿಚಾರವೊಂದನ್ನೇ ತೋರಿಸಿದರೆ ಸಾಕಾಗಿತ್ತು; ಹೆಂಡತಿಯಾದರೆ ಅದರೊಡನೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಿದ್ಧಪಡಿಸಬೇಕಾಗಿತ್ತು. ಈ ಅನ್ಯಾಯ ೨೦೦೧ರ ತಿದ್ದುಪಡಿಯ ತನಕ ಉಳಿದಿತ್ತು. ಆಸ್ತಿಯ ವಿಷಯದಲ್ಲಿ ನಮ್ಮದು ಮುಂದಿದೆ: ೧೯೨೫ರ ಉತ್ತರಾಧಿಕಾರ ಕಾಯಿದೆಯಲ್ಲಿ, ಮರಣಶಾಸನವಿಲ್ಲದೆ ತೀರಿಕೊಂಡವನ ಆಸ್ತಿಯಲ್ಲಿ ಹೆಂಡತಿಗೆ ಮೂರರಲ್ಲೊಂದು ಪಾಲು, ಉಳಿದದ್ದು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮಪಾಲು. ಕಾಯಿದೆ ಹೀಗಿದೆ, ನಮ್ಮ ಸೋದರತ್ತೆ ಪಾಲು ಕೇಳಲಿಲ್ಲ. ಪಾಲು ಬೇಕೋ ತವರು ಬೇಕೋ ಎಂಬ ಪ್ರಶ್ನೆಯನ್ನು ಆಕೆಗೆ ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಕೇಳಿದಂತೆಯೇ ಆಯಿತು. ಈ ವಿಷಯದಲ್ಲಿ ನಾವು ನೆರೆಹೊರೆಯವರಿಗಿಂತ ಒಳ್ಳೆಯವರೆಂದು ಹೇಳಿಕೊಳ್ಳುವಂತಿಲ್ಲ.

ಇಂದಿನ ಕಾಲದ ಬದಲಾವಣೆಗಳಲ್ಲಿ ಮೊದಲನೆಯದು ಫೋನು. ೨೦೨೦ರ ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಾಗ ದೇವಾಲಯಗಳೂ ಮುಚ್ಚಿದವು. ಆ ವರ್ಷದ ಈಸ್ಟರ್ ಏಪ್ರಿಲ್ ೧೨ರಂದು ಬಂದಿತು. ಸಭಾಪಾಲಕರು ತಮ್ಮ ಮನೆಯಿಂದ ಫೋನಿನಲ್ಲಿ ಆರಾಧನೆ ನಡೆಸಿದರು. ಅಜ್ಜಿ ತಲೆಗೆ ಸೆರಗು ಹೊದ್ದು, ಗೋಡೆಗೆ ಒರಗಿಸಿದ ಆ ಅಂಗೈಯಗಲದ ಗಾಜಿನ ಮುಂದೆ ಕುಳಿತಳು. ಕಾಣಿಕೆಯ ಹೊತ್ತಿಗೆ ಹತ್ತು ರೂಪಾಯಿಯನ್ನು ಫೋನಿನ ಕೆಳಗೆ ಇಟ್ಟಳು. ಬೀಗ ತೆರೆದ ಮೇಲೆ ಆ ಹತ್ತು ರೂಪಾಯಿಯನ್ನು ಒಯ್ದು ಪೆಟ್ಟಿಗೆಗೆ ಹಾಕಿಯೂ ಬಂದಳು. ಆದರೆ ಫೋನು ಒಮ್ಮೆ ಮನೆಗೆ ಬಂದ ಮೇಲೆ ಸಭಾಪಾಲಕರ ದನಿಯೊಂದನ್ನೇ ತರುವುದೆ? ಬೆಂಗಳೂರಿನ ಬೋಧಕರು, ಆಂಧ್ರದ ಬೋಧಕರು, ರೋಗ ವಾಸಿ ಮಾಡುವೆವೆನ್ನುವವರು, ಡೋಲು ಬಾರಿಸುವವರು ಎಲ್ಲರೂ ಬಂದರು. ನಮ್ಮ ಸಂಬಂಧಿಕರಲ್ಲಿಯೇ ಕೆಲವರು ಹಳೆಯ ಸಭೆಯನ್ನು ಬಿಟ್ಟು ಹೊಸ ಪ್ರಾರ್ಥನಾಮಂದಿರಗಳಿಗೆ ಹೋಗುತ್ತಾರೆ. ಅಲ್ಲಿ ಹಾಡು ಜೋರು, ಸಾಕ್ಷಿ ಜೋರು. ಹಳೆಯ ಸಭೆಯಲ್ಲಿ ಹಿರಿಯರ ಚುನಾವಣೆಯ ಜಗಳ ಜೋರು. ಹುಡುಗರು ಯಾವುದನ್ನು ಆರಿಸಿಕೊಳ್ಳುತ್ತಾರೆಂಬುದರಲ್ಲಿ ಆಶ್ಚರ್ಯವಿಲ್ಲ. ಆದರೂ ಒಂದು ಸಂಗತಿ ನನಗೆ ಚುಚ್ಚುತ್ತದೆ. ಫೋನಿನಲ್ಲಿ ಪ್ರತಿಯೊಬ್ಬರಿಗೂ ಅವರವರ ಬೋಧಕರು. ತಂಗಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಒಬ್ಬರನ್ನು ಕೇಳುತ್ತಾಳೆ, ತಂದೆ ಜಗುಲಿಯಲ್ಲಿ ಇನ್ನೊಬ್ಬರನ್ನು ಕೇಳುತ್ತಾರೆ. ಚಾಪೆ ಹಾಸುವ ಹೊತ್ತು ದಿನದಿಂದ ದಿನಕ್ಕೆ ತಡವಾಗುತ್ತಿದೆ.

ಎರಡನೆಯದು ಕಾಗದ. ಇದನ್ನು ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆನು. ಬರೆಯದಿದ್ದರೆ ಈ ಲೇಖನ ಸುಳ್ಳಾಗುತ್ತದೆ.

೧೯೫೦ರ ರಾಷ್ಟ್ರಪತಿಗಳ ಆಜ್ಞೆಯ ಪ್ರಕಾರ ಹಿಂದೂ ಧರ್ಮವನ್ನು ಬಿಟ್ಟು ಬೇರೆ ಧರ್ಮವನ್ನು ಅವಲಂಬಿಸಿದವರು ಪರಿಶಿಷ್ಟ ಜಾತಿಯವರೆಂದು ಎಣಿಸಲ್ಪಡುವುದಿಲ್ಲ. ೧೯೫೬ರಲ್ಲಿ ಸಿಖ್ಖರನ್ನೂ ೧೯೯೦ರಲ್ಲಿ ಬೌದ್ಧರನ್ನೂ ಒಳಗೆ ಸೇರಿಸಲಾಯಿತು. ಕ್ರೈಸ್ತರೂ ಮುಸಲ್ಮಾನರೂ ಹೊರಗೇ ಉಳಿದರು. ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಹಿಂದುಳಿದ ವರ್ಗಗಳ ಪ್ರವರ್ಗ–೧ರಲ್ಲಿಯೂ ಇತರ ಕ್ರೈಸ್ತರನ್ನು ೩–ಬಿಯಲ್ಲಿಯೂ ಇಟ್ಟಿದ್ದಾರೆ. ಇದರ ಹಿಂದಿನ ವಾದ, ಕ್ರೈಸ್ತಧರ್ಮದಲ್ಲಿ ಜಾತಿಯಿಲ್ಲವೆಂಬುದು. ಗ್ರಂಥದಲ್ಲಿ ಇಲ್ಲ, ನಿಜ. ಊರಿನಲ್ಲಿ ಇದೆ. ನಮ್ಮ ಮನೆಯಿರುವುದು ಹಿಂದಿನ ಕೇರಿಯಲ್ಲಿಯೇ. ಚಹದಂಗಡಿಯಲ್ಲಿ ಲೋಟ ಇಡುವವನು ನಾವು ಭಾನುವಾರ ಎಲ್ಲಿಗೆ ಹೋಗುತ್ತೇವೆಂದು ಕೇಳಿ ಲೋಟ ಇಡುವುದಿಲ್ಲ. ಸಭೆಯ ಒಳಗೂ ಸಂಬಂಧ ನೋಡುವಾಗ ‘ಮೊದಲು ಯಾವ ಪೈಕಿ’ ಎಂದು ಕೇಳುವವರನ್ನು ನಾನು ಕಂಡಿದ್ದೇನೆ. ಈ ಪ್ರಶ್ನೆಯನ್ನು ಪರಿಶೀಲಿಸಲು ಕೇಂದ್ರ ಸರಕಾರ ೨೦೨೨ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ನರ ಆಯೋಗವನ್ನು ನೇಮಿಸಿತು. ೨೦೨೪ರ ನವೆಂಬರ್ ೨೬ರಂದು ಸುಪ್ರೀಂ ಕೋರ್ಟು ಪುದುಚೇರಿಯ ಮೊಕದ್ದಮೆಯೊಂದರಲ್ಲಿ, ಕ್ರೈಸ್ತಧರ್ಮವನ್ನು ಆಚರಿಸುತ್ತ ಮೀಸಲಾತಿಗಾಗಿ ಮಾತ್ರ ಹಿಂದೂವೆಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡಿದ ವಂಚನೆಯೆಂದು ತೀರ್ಪಿತ್ತಿತು.

ಇದು ನಮ್ಮ ಅಂಗಳದಲ್ಲಿ ಹೇಗೆ ಬಂದು ನಿಂತಿತೆಂಬುದನ್ನು ಹೇಳುತ್ತೇನೆ. ನಮ್ಮ ತಂದೆಯನ್ನು ಶಾಲೆಗೆ ಸೇರಿಸುವಾಗ ಸಭೆಯ ಉಪದೇಶಿಯೊಬ್ಬರು ಜೊತೆಗೆ ಹೋಗಿದ್ದರು. ದಾಖಲೆಯಲ್ಲಿ ‘ಕ್ರೈಸ್ತ’ ಎಂದು ಬರೆಸಿದರು. ಮೂರು ವರ್ಷದ ಮೇಲೆ ಚಿಕ್ಕಪ್ಪನನ್ನು ಸೇರಿಸುವಾಗ ಉಪದೇಶಿಗಳು ಊರಲ್ಲಿರಲಿಲ್ಲ. ಅಜ್ಜನು ಓದಲಾರದವನು, ಶಾಲೆಯವರು ಯಾವ ಕೇರಿಯೆಂದು ಕೇಳಿ ಅದನ್ನೇ ಬರೆದುಕೊಂಡರು. ಒಂದೇ ತಾಯಿಯ ಮಕ್ಕಳು, ಒಂದೇ ಅಂಗಳದ ಎರಡು ಬಾಗಿಲು, ಕಾಗದದಲ್ಲಿ ಎರಡು ಧರ್ಮ. ಹಲವಾರು ವರ್ಷ ಇದನ್ನು ಯಾರೂ ಲೆಕ್ಕಿಸಲಿಲ್ಲ. ಚಿಕ್ಕಪ್ಪನು ನಮ್ಮೊಡನೆ ಅದೇ ಚಾಪೆಯ ಮೇಲೆ ಕುಳಿತು ಹಾಡುತ್ತಿದ್ದನು. ನಮ್ಮ ಮನೆತನದಲ್ಲಿ ಆತನದೇ ಒಳ್ಳೆಯ ಕಂಠ. ಆತನ ಮಗನೂ ನಾನೂ ಒಂದೇ ವಯಸ್ಸಿನವರು, ಒಂದೇ ತರಗತಿಯಲ್ಲಿ ಓದಿದವರು. ವಿದ್ಯಾರ್ಥಿವೇತನದ ಅರ್ಜಿ ಬರೆಯುವಾಗ ಮಾತ್ರ ಬೇರೆ ಬೇರೆ ಸಾಲಿನಲ್ಲಿ ನಿಂತೆವು. ಅವನಿಗೆ ಹೆಚ್ಚು ಬಂದಿತು, ನನಗೆ ಕಡಿಮೆ ಬಂದಿತು. ಅವನು ಆ ಹಣದಲ್ಲಿ ನನಗೆ ಪುಸ್ತಕಗಳನ್ನು ಕೊಡಿಸಿದ್ದುಂಟು. ಈಗ ಅವನು ಸರಕಾರಿ ನೌಕರಿಯ ಪರೀಕ್ಷೆಗೆ ಸಿದ್ಧನಾಗುತ್ತಿದ್ದಾನೆ. ತೀರ್ಪಿನ ಸುದ್ದಿ ಪತ್ರಿಕೆಯಲ್ಲಿ ಬಂದ ವಾರ ಅವನು ಸಭೆಯ ವಾಟ್ಸಾಪ್ ಗುಂಪಿನಲ್ಲಿದ್ದ ತನ್ನ ಕ್ರಿಸ್ಮಸ್ ಭಾವಚಿತ್ರವನ್ನು ಅಳಿಸಲು ಕೇಳಿಕೊಂಡನು. ಚಿಕ್ಕಪ್ಪನು ಚಾಪೆಗೆ ಬರುವುದನ್ನು ನಿಲ್ಲಿಸಿದನು. ಕಾರಣ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಯಾರು ತಪ್ಪು ಮಾಡಿದರು? ನ್ಯಾಯಾಲಯದ ಮಾತನ್ನು ನಾನು ಅಲ್ಲಗಳೆಯುವವನಲ್ಲ. ಒಂದನ್ನು ನಂಬಿ ಇನ್ನೊಂದನ್ನು ಬರೆಸುವುದು ಸತ್ಯವಲ್ಲ. ಆದರೆ ಕೇರಿಯನ್ನು ಬಿಡಿಸದ ಧರ್ಮಾಂತರಕ್ಕೆ ಕೇರಿಯ ಪರಿಹಾರವನ್ನು ಮಾತ್ರ ಬಿಡಿಸುವುದೂ ನ್ಯಾಯವೆಂದು ನನಗೆ ತೋರುವುದಿಲ್ಲ. ಚಿಕ್ಕಪ್ಪನು ಆರಿಸಿಕೊಂಡದ್ದು ಸುಳ್ಳನ್ನೂ ಅಲ್ಲ, ಸವಲತ್ತನ್ನೂ ಅಲ್ಲ, ಮಗನ ಅನ್ನವನ್ನು. ನಾನು ಆತನ ಸ್ಥಾನದಲ್ಲಿದ್ದರೆ ಏನು ಮಾಡುತ್ತಿದ್ದೆನೆಂದು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

೨೦೨೫ರ ಸೆಪ್ಟೆಂಬರ್ ೨೨ರಿಂದ ರಾಜ್ಯದಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತಷ್ಟೆ. ಜಾತಿಯ ಹೆಸರಿನ ಮುಂದೆ ‘ಕ್ರಿಶ್ಚಿಯನ್’ ಎಂದು ಸೇರಿಸಿದ ಪಟ್ಟಿಯ ಬಗ್ಗೆ ದೊಡ್ಡ ಗದ್ದಲವೆದ್ದು, ಅಂಥ ೩೩ ಹೆಸರುಗಳನ್ನು ಪಟ್ಟಿಯಲ್ಲಿ ಕಾಣದಂತೆ ಮಾಡಿದ ಸುದ್ದಿಯನ್ನು ಎಲ್ಲರೂ ಓದಿರಬಹುದು. ವಿದ್ಯುತ್ ಮೀಟರಿನ ಬಳಿ ಚೀಟಿ ಅಂಟಿಸಿ ಹೋಗಿದ್ದರು. ಕೆಲವು ದಿನಗಳ ಮೇಲೆ ಶಾಲೆಯ ಮೇಷ್ಟರೊಬ್ಬರು ಫೋನು ಹಿಡಿದು ಬಂದರು. ಒಳಗೆ ಸಿಗ್ನಲ್ ಸಿಗದೆ ಅಂಗಳದ ಕಟ್ಟೆಯ ಮೇಲೆ ನಿಂತುಕೊಂಡೇ ಕೇಳತೊಡಗಿದರು. ತಂದೆ ಧರ್ಮದ ಪ್ರಶ್ನೆಗೆ ಕೂಡಲೇ ಉತ್ತರ ಕೊಟ್ಟರು. ಜಾತಿಯ ಪ್ರಶ್ನೆಗೆ ನನ್ನ ಮುಖ ನೋಡಿದರು, ಬಿ.ಎ. ಓದುವವನು ನಾನೇ ಅಲ್ಲವೆ. ನಾನು ಪ್ರವರ್ಗ–೧ರ ವಿಷಯವನ್ನು ವಿವರಿಸಿದೆನು. ಹಳೆಯ ಹೆಸರನ್ನು ಹೇಳದೆ ಅದು ಆಗುವುದಿಲ್ಲವೆಂದೂ ಹೇಳಿದೆನು. ತಂದೆ ತಗ್ಗಿದ ದನಿಯಲ್ಲಿ ಹೇಳಿದರು. ಮೇಷ್ಟರು ಒಳ್ಳೆಯವರು; ಎರಡನೆಯ ಸಲ ಕೇಳಲಿಲ್ಲ.

ಅನಂತರ ಆಚೆಯ ಬಾಗಿಲಿಗೆ ತಿರುಗಿದರು. ಚಿಕ್ಕಪ್ಪನು ಕಾಗದದಲ್ಲಿ ಇದ್ದದ್ದನ್ನು ಹೇಳಿದನು. ರೇಷನ್ ಕಾರ್ಡಿನ ಹೆಸರುಗಳನ್ನು ಒಂದೊಂದಾಗಿ ಓದುತ್ತ ಮೇಷ್ಟರು ಅಜ್ಜಿಯ ಹೆಸರಿಗೆ ಬಂದರು. ಅಜ್ಜಿ ಊಟ ಮಾಡುವುದು ನಮ್ಮ ಮನೆಯಲ್ಲಿ, ಆದರೆ ಕಾರ್ಡಿನಲ್ಲಿ ಆಕೆಯ ಹೆಸರು ಇರುವುದು ಚಿಕ್ಕಪ್ಪನ ಕಡೆ. ಅದು ಯಾವಾಗಲೋ ಅಕ್ಕಿಯ ಲೆಕ್ಕಕ್ಕಾಗಿ ಆದ ಏರ್ಪಾಡು. ಕಟ್ಟೆಯ ತುದಿಯಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದ ಆಕೆಯನ್ನು ಮೇಷ್ಟರು ಮರ್ಯಾದೆಗಾಗಿ ಕೇಳಿದರು: “ಅಜ್ಜೀ, ನಿಮ್ದೂ ಇದ್ರಾಗೇ ಬರ್ಕೊಳ್ಳಾ?” “ಬರ್ಕೊಳಪ್ಪಾ, ಹೊತ್ತು ಮುಳುಗ್ತೈತಿ, ಪ್ರಾರ್ಥನಿ ಐತಿ” ಎಂದಳು ಅಜ್ಜಿ. ಚಿಕ್ಕಪ್ಪನು ಎದ್ದು ಎಮ್ಮೆಗೆ ಮೇವು ಹಾಕಲು ಹೋದನು, ಎಮ್ಮೆ ಆಗಲೇ ಮೇಯುತ್ತಿತ್ತು.

ದೀಪ ಹಚ್ಚಿದ ಮೇಲೆ ಚಾಪೆ ಹಾಸಿದೆವು. ಪುಸ್ತಕ ತೆರೆಯುವ ಮುಂಚೆ ಅಜ್ಜಿ ನನ್ನನ್ನು ಕೇಳಿದಳು: “ಮೇಷ್ಟ್ರು ನಂದೇನ್ ಬರ್ಕೊಂಡ್ರೋ?”

ನಾನು ಹೇಳಿದೆನು.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೆಸರು ಸರಿಯಾಗಿ ಬರ್ದಾರೇನು?” ಎಂದಳು.

“ಬರ್ದಾರೆ.”

“ಹಂಗಾದ್ರೆ ಓದು.”

ಆಚೆಯ ಹೊಸಿಲ ಮೇಲೆ ಚಿಕ್ಕಪ್ಪನು ಕುಳಿತಿದ್ದನು. ನಾನು ಎಂದಿಗಿಂತ ಸ್ವಲ್ಪ ಗಟ್ಟಿಯಾಗಿ ಓದಿದೆನು.